ತಾಯಿಫ್ ಮರೆತವರ ಪ್ರವಾದಿ ಪ್ರೇಮ

ಪ್ರವಾದಿವರ್ಯರನ್ನು(ಸ) ನಿಂದಿಸಿದ ಫೇಸ್‌ಬುಕ್ ಬರಹವೊಂದಕ್ಕಾಗಿ 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳು ಹೊತ್ತಿ ಉರಿದವು. ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ನೂರಾರು ಯುವಕರು ಜೈಲು ಸೇರಿದರು. 2025ರ ಫೆಬ್ರವರಿ 10ರಂದು ನಮ್ಮ ಮೈಸೂರಿನ ಉದಯಗಿರಿ ಠಾಣೆಗೂ ಕಲ್ಲು ಬಿದ್ದವು, ಆರೋಪಿ ಆಗಲೇ ಪೊಲೀಸರ ವಶದಲ್ಲಿದ್ದರೂ!

ಇದನ್ನು ಪ್ರವಾದಿ ಪ್ರೇಮ ಎನ್ನುವವರೇ, ಉತ್ತರಿಸಿ: ತಾಯಿಫ್‌ನಲ್ಲಿ ಕಲ್ಲೇಟಿನಿಂದ ರಕ್ತ ಸುರಿದಾಗಲೂ ಆ ಜನರ ನಾಶವನ್ನು ಬಯಸದ ಮಹಾತ್ಮರ ಹೆಸರಿನಲ್ಲಿ ಕಲ್ಲೆತ್ತುವ ಅಧಿಕಾರವನ್ನು ನಿಮಗೆ ಕೊಟ್ಟವರಾರು? ಗುಂಡು ಹಾರಿಸುವುದು ಅನಿವಾರ್ಯವಾಗಿತ್ತೇ ಎಂದು ಸರಕಾರವನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಆದರೆ ಠಾಣೆಗೆ ಬೆಂಕಿಯಿಟ್ಟ ಕೈಗಳು ಆ ಪ್ರಶ್ನೆಯ ಬಲವನ್ನೇ ಸುಟ್ಟುಹಾಕಿದವು. ರೋಷದ ಮಾತಿಗೆ ಖರ್ಚಿಲ್ಲ. ಅದರ ಬೆಲೆ ತೆರುವುದು ಕೂಲಿ ಮಾಡಿ ಮಗನನ್ನು ಸಾಕಿದ ತಾಯಿ.

ಅದೇ ಆಗಸ್ಟ್ ರಾತ್ರಿ, ಅದೇ ಗಲಭೆಯ ನಡುವೆ, ದೇವಾಲಯವೊಂದರ ಮುಂದೆ ಕೈಕೈ ಹಿಡಿದು ಕಾವಲು ನಿಂತವರೂ ಮುಸ್ಲಿಮ್ ಯುವಕರೇ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮಿಂಬರ್‌ಗಳಿಂದ ಅವರ ಕಥೆ ಕೇಳಿಬರಲಿ. ನಿಂದನೆಗೆ ದೂರು ಕೊಡೋಣ, ನ್ಯಾಯಾಲಯದ ಮೆಟ್ಟಿಲು ಹತ್ತೋಣ. ಮಕ್ಕಳನ್ನು ಗುಂಡಿನೆದುರು ನಿಲ್ಲಿಸುವ ನಾಯಕತ್ವವನ್ನು ಮಾತ್ರ ಮೊಹಲ್ಲಾದ ಹೊಸ್ತಿಲಲ್ಲೇ ತಡೆಯೋಣ.