ಸೇತುವೆ ಬಂತು ಸರಿ, ದಡ ಯಾರದು ಸ್ವಾಮಿ?

ಹೊಳೆಬಾಗಿಲಿನಲ್ಲಿ ಈಗ ಕಾಯುವ ಪ್ರಮೇಯವೇ ಇಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಉದ್ಘಾಟನೆ ಆಯ್ತು. ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಬಂದು ಹೋದರು. ಯಾರು ಬಂದರು, ಯಾರು ಬರಲಿಲ್ಲ, ಕರೆದದ್ದು ಯಾರು, ಕರೆಯದೆ ಬಿಟ್ಟದ್ದು ಯಾರು ಎಂಬ ರಾಜಕೀಯವೂ ಒಂದು ವಾರ ನಡೆದು ತಣ್ಣಗಾಯಿತು. ಉಳಿದದ್ದು ಸುಮಾರು 2.4 ಕಿಲೋಮೀಟರ್ ಉದ್ದದ, ನಾನೂರು ಕೋಟಿ ರೂಪಾಯಿ ಮೀರಿ ಖರ್ಚು ಮಾಡಿ ಕಟ್ಟಿದ ಸೇತುವೆ. ಕಂಬದಿಂದ ಹಗ್ಗ ಇಳಿಬಿಟ್ಟ ಹಾಗೆ ಕಾಣುವ ಅದರ ಮೇಲೆ ಕಾರು ಹತ್ತಿದರೆ ಮೂರು ನಾಲ್ಕು ನಿಮಿಷದಲ್ಲಿ ಆಚೆ ದಡ.

ಸೇತುವೆ ಬೇಡವಾಗಿತ್ತು ಅಂತ ಯಾರಾದರೂ ಹೇಳಿದರೆ ಅವರಿಗೆ ಕರೂರು ಸೀಮೆ ಗೊತ್ತಿಲ್ಲ ಎಂದೇ ತಿಳಿಯಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿಕೊಂಡಾಗ, ತುಮರಿ, ಬ್ಯಾಕೋಡು, ಕಳಸವಳ್ಳಿಯ ಜನ ಕೂತಲ್ಲೇ ದ್ವೀಪವಾಸಿಗಳಾದರು. ತಾಲ್ಲೂಕು ಕಚೇರಿ, ಕೋರ್ಟು, ಆಸ್ಪತ್ರೆ, ಸಂತೆ ಎಲ್ಲಾ ಸಾಗರದಲ್ಲಿ. ಮಧ್ಯೆ ನೀರು. ಲಾಂಚ್ ಇಲ್ಲದ ಹೊತ್ತಿನಲ್ಲಿ ಕೋಗಾರು, ಕಾರ್ಗಲ್ ಸುತ್ತಿ ಸುಮಾರು 80 ಕಿ.ಮೀ. ಬಳಸಿ ಬರಬೇಕು. ಸಂಜೆಯ ಕೊನೆಯ ಲಾಂಚ್ ತಪ್ಪಿತೋ, ಆ ರಾತ್ರಿ ದೇವರೇ ಗತಿ. ಹೆರಿಗೆ ನೋವು ಬಂದವರಿಗೆ, ಹಾವು ಕಡಿದವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಾಡಿಗೆಲ್ಲಾ ದೀಪ ಹಚ್ಚಿಸಿದ ನೀರು ಅದು. ಆ ನೀರಿಗೆ ಮನೆ ಕೊಟ್ಟವರು ಒಂದು ಸೇತುವೆಗೆ ಅರವತ್ತು ವರ್ಷ ಕಾದರು. ಅವರು ಸೇತುವೆಗೆ ಈಡುಗಾಯಿ ಒಡೆದದ್ದರಲ್ಲಿ ಏನೂ ತಪ್ಪಿಲ್ಲ.

ತಕರಾರು ಸೇತುವೆಯ ಮೇಲಲ್ಲ, ಸೇತುವೆಯ ಕೆಳಗಿನ ದಡದ ಮೇಲೆ.

ಲಾಂಚ್ ಇದ್ದ ಕಾಲದಲ್ಲಿ ಸಿಗಂದೂರು ಚೌಡೇಶ್ವರಿಗೆ ಹೋಗುವವರು ಹೊಳೆಬಾಗಿಲಿನಲ್ಲಿ ನಿಲ್ಲಲೇಬೇಕಿತ್ತು. ರಜಾದಿನ ಬಂದರೆ ಕಾರು, ಟೆಂಪೋ, ಟೂರಿಸ್ಟ್ ಬಸ್ಸುಗಳ ಸಾಲು. ಒಂದು ತಾಸು, ಎರಡು ತಾಸು. ಮಕ್ಕಳು ಹಸಿವು ಅನ್ನುತ್ತಿದ್ದವು, ದೊಡ್ಡವರಿಗೆ ಚಹಾ ಬೇಕಾಗುತ್ತಿತ್ತು. ಮಂಡಕ್ಕಿ, ಅನಾನಸ್ ಹೋಳಿಗೆ ಉಪ್ಪು ಖಾರ, ಬೇಯಿಸಿದ ಜೋಳ, ಎಳನೀರು, ಹೀಗೆ ಆ ಕಾಯುವಿಕೆಯೇ ಒಂದು ಸಂತೆಯಾಗಿತ್ತು. ಲಾಂಚ್ ಏರಿದ ಮೇಲೆ ಟಿಕೇಟಿನ ಚಿಲ್ಲರೆ ಕಾಸಿಗೆ ಕಾಲು ಗಂಟೆ ನೀರಿನ ಮೇಲೆ ಗಾಳಿ, ಬೆಟ್ಟ, ಫೋಟೋ. ಎಷ್ಟೋ ಜನ ದೇವಿಯ ದರ್ಶನದಷ್ಟೇ ಆಸೆಯಿಂದ ಲಾಂಚ್ ಹತ್ತಲು ಬರುತ್ತಿದ್ದರು. ಬಸ್ಸೇ ಲಾಂಚ್ ಏರಿ ಹೊಳೆ ದಾಟುವುದು ಬಯಲುಸೀಮೆಯವರಿಗೆ ಒಂದು ತಮಾಷೆ. ಇದು ಯಾವ ಇಲಾಖೆಯೂ ಯೋಜನೆ ಹಾಕಿ ಕಟ್ಟಿದ ಪ್ರವಾಸೋದ್ಯಮ ಅಲ್ಲ. ತೊಂದರೆಯಿಂದ ತಾನಾಗಿ ಹುಟ್ಟಿದ್ದು.

ತೊಂದರೆ ಹೋಯಿತು, ಅದರ ಜೊತೆಗೆ ವ್ಯಾಪಾರವೂ ಹೋಯಿತು. ಸೇತುವೆ ಮೇಲೆ ಗಾಡಿ ನಿಲ್ಲಿಸಿ ಫೋಟೋ ಹೊಡೆದು ಹೋಗುವವನು ಚಹಾ ಕುಡಿಯುವುದಿಲ್ಲ. ಬೆಳಿಗ್ಗೆ ಶಿವಮೊಗ್ಗದಲ್ಲಿ ತಿಂಡಿ, ಮಧ್ಯಾಹ್ನ ದೇವಸ್ಥಾನದಲ್ಲಿ ಪ್ರಸಾದ, ರಾತ್ರಿ ಕೊಲ್ಲೂರಿನಲ್ಲಿ ಊಟ. ಮಧ್ಯದ ಸಾಗರ ತಾಲ್ಲೂಕಿಗೆ ಸಿಕ್ಕಿದ್ದು ಹೊಗೆ ಮತ್ತು ಖಾಲಿ ನೀರಿನ ಬಾಟಲಿ. ಜೋಗದ ಅಂಗಡಿಯವರಿಗೆ ಇದರ ರುಚಿ ಗೊತ್ತು. 2025ರ ಜನವರಿಯಿಂದ ಕೆಲವು ತಿಂಗಳು ಕಾಮಗಾರಿ ಅಂತ ಜಲಪಾತದ ಪ್ರವೇಶದ್ವಾರ ಮುಚ್ಚಿದಾಗ, ದಿನದ ದುಡಿಮೆಯ ಮೇಲೆ ಬದುಕುವವರು ಹೇಗೆ ದಿನ ದೂಡಿದರು ಎಂದು ಅವರನ್ನೇ ಕೇಳಬೇಕು. ಅಲ್ಲಿ ಬಾಗಿಲು ಮತ್ತೆ ತೆರೆಯುತ್ತದೆ ಎಂಬ ಭರವಸೆಯಾದರೂ ಇತ್ತು.

ಇನ್ನು ‘ಬೀಚ್’ ವಿಚಾರ. ಹಿನ್ನೀರಿನ ದಡಕ್ಕೆ ಈಗ ಈ ಹೆಸರು ಬಿದ್ದಿದೆ. ಘಟ್ಟದ ಮೇಲೆ ಬೀಚ್ ಎಲ್ಲಿಂದ ಬಂತು ಅಂತ ಹಳಬರು ನಗಬಹುದು. ಆದರೆ ಪಟ್ಟಣದ ಹುಡುಗರಿಗೆ ನೀರು ಕಂಡರೆ ಬೀಚೇ. ಸುಮಾರು 300 ಚದರ ಕಿ.ಮೀ. ಹರಡುವ ಜಲಾಶಯ. ಮಳೆಗಾಲ ಚೆನ್ನಾಗಿ ಆಗಿ 1819 ಅಡಿಗೆ ತುಂಬಿದಾಗ ನೀರು ಕಾಡಿನ ಬುಡಕ್ಕೇ ಬಂದು ನಿಲ್ಲುತ್ತದೆ, ಆಗ ಕಾಲಿಡಲು ದಡವೇ ಇರುವುದಿಲ್ಲ. ವಿದ್ಯುತ್ತಿಗೆ ನೀರು ಬಿಟ್ಟ ಹಾಗೆಲ್ಲ ಅದು ಇಳಿಯುತ್ತಾ ಹೋಗಿ, ಏಪ್ರಿಲ್ ಮೇ ಹೊತ್ತಿಗೆ ಕೆಂಪು ಮಣ್ಣಿನ ಬಯಲು ಬಾಯಿ ತೆರೆಯುತ್ತದೆ. ಒಣಗಿದ ಮರದ ಬೊಡ್ಡೆಗಳು ಎದ್ದು ನಿಲ್ಲುತ್ತವೆ. 1948ರಲ್ಲಿ ಮುಗಿದು ಹದಿನಾರು ವರ್ಷಕ್ಕೇ ಮುಳುಗಿದ ಹಿರೇಭಾಸ್ಕರ ಅಣೆಕಟ್ಟು, ಅಂದರೆ ನಮ್ಮವರು ಮಡೇನೂರು ಡ್ಯಾಮ್ ಅನ್ನುವುದು, ನೀರು ತೀರಾ ಇಳಿದ ವರ್ಷ ಮೈ ತೋರಿಸುತ್ತದೆ. ಅದನ್ನು ನೋಡಲು ಜಾತ್ರೆ ಸೇರುತ್ತದೆ. ಜೀಪು, ಬೈಕು ಹೊಳೆ ಪಾತ್ರದವರೆಗೂ ಇಳಿಯುತ್ತವೆ.

ಬಂದವರಿಗೆ ಹೇಳುವವರಿಲ್ಲದ ಒಂದು ಮಾತಿದೆ. ಇದು ಸಮುದ್ರದ ದಡದ ಹಾಗೆ ನಿಧಾನವಾಗಿ ಆಳವಾಗುವ ಜಾಗ ಅಲ್ಲ. ನೀರಿನ ಕೆಳಗಿರುವುದು ಊರು. ಗದ್ದೆಯ ಏರಿ, ತೋಟದ ಕಪ್ಪು, ಹಳೇ ಬಾವಿ, ಹಳ್ಳದ ಕೊರಕಲು ಎಲ್ಲಾ ಹಾಗೇ ಇದೆ. ಮೊಣಕಾಲು ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಒಂದಾಳು ಆಳಕ್ಕೆ ಇಳಿಯಬಹುದು. ಮರದ ಬೊಡ್ಡೆ ಕಾಲಿಗೆ ಸಿಕ್ಕಬಹುದು. ನೀರು ಆಗಷ್ಟೇ ಇಳಿದ ಕಡೆ ಮೇಲೆ ಒಣಗಿದ ಮಣ್ಣಿನ ಕೆಳಗೆ ಕೆಸರಿನ ಹುದುಲು. ಊರಿನವರಿಗೆ ಇದು ಗೊತ್ತು, ಅವರು ಇಳಿಯುವುದಿಲ್ಲ. ಗೊತ್ತಿಲ್ಲದವರು ಇಳಿಯುತ್ತಾರೆ, ಅದರಲ್ಲೂ ಊಟದ ಜೊತೆ ಬೇರೆ ಏನಾದರೂ ತಂದವರು ಮೊದಲು ಇಳಿಯುತ್ತಾರೆ.

ಹೊನ್ನೇಮರಡುವಿನಲ್ಲಿ ಜಲಸಾಹಸದ ತರಬೇತಿ ಎಷ್ಟೋ ವರ್ಷದಿಂದ ನಡೆದಿದೆ. ಅಲ್ಲಿ ಲೈಫ್ ಜಾಕೆಟ್ ತೊಡದವನಿಗೆ ನೀರಿಲ್ಲ, ಕುಡಿದು ಬಂದವನಿಗೆ ಜಾಗ ಇಲ್ಲ. ಅದೇ ಹಿನ್ನೀರು, ಅದೇ ಬೊಡ್ಡೆ, ಅದೇ ಕೆಸರು. ಕೇಳುವವರು ಒಬ್ಬರು ಇದ್ದಾರೆ ಅನ್ನುವುದಷ್ಟೇ ವ್ಯತ್ಯಾಸ. ಉಳಿದ ಕಡೆ ಕೇಳುವವರು ಯಾರು?

ಇಲ್ಲೇ ಇರುವುದು ಗಂಟು. ನೀರು ವಿದ್ಯುತ್ ನಿಗಮದ್ದು. ಅಂಚಿನ ಮರ ಅರಣ್ಯ ಇಲಾಖೆಯದು. 1972ರಲ್ಲಿ ಆದ ಶರಾವತಿ ಅಭಯಾರಣ್ಯ 2019ರಲ್ಲಿ ಸಿಂಗಳೀಕದ ಹೆಸರಿನಲ್ಲಿ ಇನ್ನೂ ಹಿಗ್ಗಿದೆ. ರಸ್ತೆ ಹೆದ್ದಾರಿಯವರದು, ದೋಣಿ ಜಲಸಾರಿಗೆಯವರದು. ಕಸ ಮಾತ್ರ ಗ್ರಾಮ ಪಂಚಾಯ್ತಿಯದು. ಹೆಣ ಸಿಕ್ಕಿದರೆ ಪೊಲೀಸರದು. ಒಂದು ಶೌಚಾಲಯ ಕಟ್ಟಬೇಕಾದರೆ ಎಷ್ಟು ಮೇಜಿನ ಮೇಲೆ ಕಡತ ಓಡಬೇಕು ಎಂದು ಲೆಕ್ಕ ಹಾಕಿದರೆ, ಯಾಕೆ ಕಟ್ಟುವುದಿಲ್ಲ ಅನ್ನುವುದು ತಿಳಿದುಹೋಗುತ್ತದೆ. ‘ಜಿಲ್ಲೆಯ ಪ್ರವಾಸಿ ತಾಣಗಳು’ ಅಂತ ಬಣ್ಣದ ಫಲಕ ಹಾಕುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಾಗಿಲ್ಲವೇನೋ.

ಇಷ್ಟಕ್ಕೇ ಮುಗಿದಿದ್ದರೆ ಆಡಳಿತದ ಮಾಮೂಲಿ ಕಥೆ ಅಂತ ಬಿಡಬಹುದಿತ್ತು. ಮುಳುಗಡೆಯವರ ಕಥೆ ಬೇರೆ ಇದೆ. ಅಣೆಕಟ್ಟಿಗಾಗಿ ಎದ್ದು ಹೋದ ಸಾವಿರಾರು ಕುಟುಂಬಗಳನ್ನು ಕಾಡಿನ ನಡುವೆ ತಂದು ಬಿಟ್ಟರು. ಇಂಥಲ್ಲಿ ಸಾಗುವಳಿ ಮಾಡಿಕೊಳ್ಳಿ ಅಂತ ಬಾಯಿಮಾತು ಆಯ್ತೇ ಹೊರತು ಕಾಗದ ಸರಿಯಾಗಿ ಆಗಲಿಲ್ಲ. ಆಮೇಲೆ ಸರ್ಕಾರಗಳು ಡಿನೋಟಿಫಿಕೇಶನ್ ಮಾಡಿ ಹಕ್ಕುಪತ್ರ ಕೊಡಲು ಹೋದವು. ಕೇಂದ್ರದ ಅನುಮತಿ ಇಲ್ಲದೆ ಮಾಡಿದ್ದೆಂದು 2021ರಲ್ಲಿ ಹೈಕೋರ್ಟು ಆ ಆದೇಶಗಳನ್ನು ತೆಗೆದುಹಾಕಿತು. ಅಜ್ಜ ಮುಳುಗಿದ, ಅಪ್ಪ ಅಲೆದ, ಮೊಮ್ಮಗ ಇನ್ನೂ ಕಚೇರಿ ಮೆಟ್ಟಿಲ ಮೇಲೆ ಎಂಬ ಮಾತು ಇಲ್ಲಿ ಉತ್ಪ್ರೇಕ್ಷೆ ಅಲ್ಲ.

ಹಕ್ಕುಪತ್ರಕ್ಕೂ ಪ್ರವಾಸಕ್ಕೂ ಏನು ಸಂಬಂಧ ಅಂತೀರೇನು? ಕಾಗದ ಇಲ್ಲದವನಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಸಾಲ ಇಲ್ಲದೆ ನಾಲ್ಕು ಕೋಣೆಯ ಹೋಂಸ್ಟೇ ಏಳುವುದಿಲ್ಲ, ಪರವಾನಗಿಯೂ ಸಿಗುವುದಿಲ್ಲ. ಸೇತುವೆ ಆದ ಮೇಲೆ ಆಚೆ ದಡದ ಪಟ್ಟಾ ಜಮೀನಿಗೆ ಬೆಲೆ ಬರದೇ ಇರುತ್ತದೆಯೇ? ಬರುವವರು ದುಡ್ಡಿನ ಚೀಲ ಹಿಡಿದೇ ಬರುತ್ತಾರೆ. ಕೊನೆಗೆ ಆಗುವುದೇನೆಂದರೆ, ಯಾರ ಗದ್ದೆ ನೀರಿನ ಕೆಳಗಿದೆಯೋ ಅವನೇ ಆ ನೀರಿನ ಅಂಚಿನ ರೆಸಾರ್ಟಿನಲ್ಲಿ ಗೇಟು ಕಾಯಬೇಕು. ನೀರಿಗೆ ಎದುರಾಗಿರುವ ಕೋಣೆಗೆ ಬಾಡಿಗೆ ಜಾಸ್ತಿ.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ದೊಡ್ಡ ಯೋಜನೆ ಯಾರೂ ಕೇಳುತ್ತಿಲ್ಲ. ಸೇತುವೆಯ ಎರಡೂ ತುದಿಯಲ್ಲಿ ಗಾಡಿ ನಿಲ್ಲಿಸುವ ಜಾಗ ಮಾಡಿ, ಅಲ್ಲಿ ಸಾಲಾಗಿ ಮಳಿಗೆ ಹಾಕಿ, ಹೊಳೆಬಾಗಿಲು ಕಳಸವಳ್ಳಿಯಲ್ಲಿ ಮೊದಲು ಅಂಗಡಿ ಇಟ್ಟವರಿಗೂ ಮುಳುಗಡೆ ಮನೆಯವರಿಗೂ ಮೊದಲು ಕೊಡಲಿ. ಹರಾಜು ಬೇಡ. ಹರಾಜಾದರೆ ಶಿವಮೊಗ್ಗದ ದೊಡ್ಡ ಕುಳ ಹಿಡಿದು ಒಳಬಾಡಿಗೆಗೆ ಬಿಡುತ್ತಾನೆ, ಇದೇನು ಕಾಣದ್ದಲ್ಲ. ಆರು ದಶಕ ದುಡಿದ ಲಾಂಚ್ ಸೇವೆಯನ್ನು ಪೂರಾ ಮರೆಯದೆ, ಒಂದನ್ನಾದರೂ ವಾರದ ಕೊನೆಗೆ ಹಿನ್ನೀರು ಸುತ್ತಿಸಲು ಬಿಟ್ಟರೆ ಜನ ಮತ್ತೆ ಇಳಿಯುತ್ತಾರೆ, ನಿಲ್ಲುತ್ತಾರೆ, ಕಾಸು ಬಿಚ್ಚುತ್ತಾರೆ. ದಡಕ್ಕೆ ಇಳಿಯಲು ಎರಡೋ ಮೂರೋ ಜಾಗ ಗೊತ್ತುಮಾಡಿ, ಉಳಿದ ಕಡೆ ಗಾಡಿ ಇಳಿಯದ ಹಾಗೆ ಕಂದಕ ತೆಗೆದು, ಆ ಜಾಗಗಳಲ್ಲಿ ಈಜು ಬಲ್ಲ ಊರ ಹುಡುಗರನ್ನೇ ಸಂಬಳ ಕೊಟ್ಟು ನಿಲ್ಲಿಸಬೇಕು. ಮಡೇನೂರಿನ ಬಾವಿ ಎಲ್ಲಿದೆ ಅಂತ ಬೆಂಗಳೂರಿನಿಂದ ಬಂದ ಗಾರ್ಡಿಗೆ ಹೇಗೆ ಗೊತ್ತಾಗಬೇಕು?

ಅಂಗಡಿಯವರೂ ಕೊಂಚ ತಮ್ಮ ಕಡೆ ನೋಡಿಕೊಳ್ಳಬೇಕು. ಲಾಂಚ್ ಕಾಯುವವನು ಬೇರೆ ದಾರಿಯಿಲ್ಲದೆ ಕೊಳ್ಳುತ್ತಿದ್ದ, ಹೇಳಿದ ರೇಟು ಕೊಡುತ್ತಿದ್ದ. ಇನ್ನು ಮೇಲೆ ಅವನು ಇಷ್ಟಪಟ್ಟರೆ ಮಾತ್ರ ನಿಲ್ಲುತ್ತಾನೆ. ಪ್ಲಾಸ್ಟಿಕ್ ಲೋಟ ಹಿಂದಿನ ಗುಂಡಿಗೆ ಎಸೆದು, ಎಂ.ಆರ್.ಪಿ. ಮೇಲೆ ಐದು ರೂಪಾಯಿ ಹೆಚ್ಚು ಕೇಳಿದರೆ ಅವನ ಕಾರಿಗೆ ಆಕ್ಸಿಲರೇಟರ್ ಇದೆ.

ಬಸ್ಸಿನವರ ಮಾತೂ ಬಂದೇ ಬರಬೇಕು. ಸೇತುವೆ ಮೇಲೆ ಬಸ್ಸು ಓಡುವುದು ಸಿಗಂದೂರಿಗೆ ಬರುವ ಭಕ್ತರ ಅನುಕೂಲಕ್ಕೆ ಮಾತ್ರವೋ, ಬ್ಯಾಕೋಡಿನಿಂದ ಸಾಗರದ ಕಾಲೇಜಿಗೆ ಬರುವ ಹುಡುಗಿಗೂ ಸೇರಿಯೋ? ಭಾನುವಾರ ಯಾತ್ರಿಕರಿಂದಲೇ ಸೀಟು ತುಂಬಿದರೆ, ಸಾಗರಕ್ಕೆ ಸಾಮಾನು ತರಲು ಬಂದ ತುಮರಿಯ ಕಿರಾಣಿಯವನು ಮೂಟೆ ಇಟ್ಟುಕೊಂಡು ನಿಲ್ಲುವುದು ಎಲ್ಲಿ? ಅಂಬಾರಗೋಡ್ಲಿನಲ್ಲೂ ಕಳಸವಳ್ಳಿಯಲ್ಲೂ ಮಳೆಗೆ ನೆನೆಯದ ಒಂದು ತಂಗುದಾಣ, ಅದರಲ್ಲಿ ಓದಲು ಬರುವ ಅಕ್ಷರದಲ್ಲಿ ಬಸ್ಸಿನ ವೇಳಾಪಟ್ಟಿ, ರಾತ್ರಿ ಎಂಟರ ಮೇಲೆ ಸಾಗರದಿಂದ ಒಂದು ಬಸ್ಸು. ನಾನೂರು ಕೋಟಿಯ ಪಕ್ಕದಲ್ಲಿ ಇದು ಚಿಲ್ಲರೆ. ಕೊನೆಯ ಲಾಂಚ್ ತಪ್ಪಿದವರ ಗತಿಯೇ ಕೊನೆಯ ಬಸ್ಸು ತಪ್ಪಿದವರದ್ದೂ ಆದರೆ, ಕಾರಿಲ್ಲದವನ ಪಾಲಿಗೆ ಸೇತುವೆ ಬರೀ ನೋಡುವ ವಸ್ತು.

ಪ್ರತಿ ವರ್ಷದಂತೆ ಏಪ್ರಿಲ್ ಬರುತ್ತದೆ, ನೀರು ಇಳಿಯುತ್ತದೆ, ಶಾಲೆಗೆ ರಜೆ ಬೀಳುತ್ತದೆ. ಕೆಂಪು ದಡ ಮೈಲಿಗಟ್ಟಲೆ ಬಿಚ್ಚಿಕೊಳ್ಳುತ್ತದೆ. ಈಗ ಅಲ್ಲಿಗೆ ಸರಾಗವಾದ ರಸ್ತೆಯೂ ಇದೆ. ದಡದಲ್ಲಿ ಯಾರು ನಿಂತಿರುತ್ತಾರೆ ಎಂಬುದನ್ನು ಜಿಲ್ಲಾಧಿಕಾರಿಗಳು ಫೆಬ್ರವರಿಯಲ್ಲೇ ಎಲ್ಲಾ ಇಲಾಖೆಯವರನ್ನು ಒಂದೇ ಮೇಜಿಗೆ ಕೂರಿಸಿ ತೀರ್ಮಾನಿಸಲಿ. ಸಭೆ ಶಿವಮೊಗ್ಗದಲ್ಲಿ ಬೇಡ, ಹೊಳೆಬಾಗಿಲಿನಲ್ಲೇ ಆಗಲಿ. ಅಧಿಕಾರಿಗಳಿಗೆ ಚಹಾ ಕೊಡಲು ಅಂಗಡಿ ಯಾವುದಾದರೂ ಉಳಿದಿದೆಯೋ ಇಲ್ಲವೋ ಅನ್ನುವುದೂ ಆಗ ಗೊತ್ತಾಗುತ್ತದೆ.