ಯಂತ್ರಕ್ಕೆ ಸಾಲ ಉಂಟು, ಕಾಳಿಗೆ?

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಖಜೂರಿಯಂಥ ಗಡಿ ಊರಿನಲ್ಲಿ ಯುವಕನೊಬ್ಬ ಸಣ್ಣ ಬೇಳೆ ಗಿರಣಿ ಹಾಕುತ್ತಾನೆ ಎಂದುಕೊಳ್ಳೋಣ. ತಪ್ಪು ಲೆಕ್ಕವೇನಲ್ಲ. ಸುತ್ತ ತೊಗರಿ ಹೊಲ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲೇ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ ಕೇಂದ್ರ 2020ರಲ್ಲಿ ತಂದ ಪಿಎಂಎಫ್‌ಎಂಇ ಯೋಜನೆಯ ಶೇ 35ರ ಸಬ್ಸಿಡಿಗೆ ಕರ್ನಾಟಕ ಶೇ 15 ಸೇರಿಸಿ, ಗರಿಷ್ಠ ₹15 ಲಕ್ಷದ ನೆರವು ಘೋಷಿಸಿತು. ಯಂತ್ರ ಬರುತ್ತದೆ, ಪೂಜೆಯಾಗುತ್ತದೆ, ಫೋಟೊಗೆ ನಿಲ್ಲುವವರೂ ಬರುತ್ತಾರೆ.

ತೊಂದರೆ ಶುರುವಾಗುವುದು ಸುಗ್ಗಿಯಲ್ಲಿ. ತೊಗರಿ ರಾಶಿಯಾಗುವುದು ಡಿಸೆಂಬರ್‌ನಿಂದ ಎರಡು–ಮೂರು ತಿಂಗಳು. ಗಿರಣಿ ವರ್ಷವಿಡೀ ತಿರುಗಬೇಕಾದರೆ ಆಗಲೇ ಕಾಳು ಕೊಂಡಿಡಬೇಕು, ರೈತನ ಕೈಗೆ ರೊಕ್ಕ ಎಣಿಸಬೇಕು. ಬೇಳೆ ಒಯ್ಯುವ ಕಿರಾಣಿಯವನೋ ‘ಬರೆದಿಟ್ಟುಕೊಳ್ರಿ’ ಅನ್ನುತ್ತಾನೆ. ಖರೀದಿ ನಗದು, ಮಾರಾಟ ಉದ್ರಿ. ಸಬ್ಸಿಡಿ ಇರುವುದು ಯಂತ್ರಕ್ಕೆ, ಕಾಳಿಗಲ್ಲ. ಸಾಲದ್ದಕ್ಕೆ 2021ರ ಮೇ ತಿಂಗಳಲ್ಲಿ ಕೇಂದ್ರ ತೊಗರಿ ಆಮದನ್ನು ಮುಕ್ತಗೊಳಿಸಿತು. ಮೊಜಾಂಬಿಕ್, ಮ್ಯಾನ್ಮಾರ್‌ಗಳ ಕಾಳು ಬಂದರಿಗೆ ಬಂದು ದರ ಇಳಿದರೆ, ಸಾಲ ತಂದು ದಾಸ್ತಾನು ಮಾಡಿದವನ ಗತಿ ಏನು? ದೊಡ್ಡ ಮಿಲ್ಲು ಒಂದು ವರ್ಷದ ಪೆಟ್ಟು ತಡೆದುಕೊಂಡೀತು, ಇವನು ತಡೆಯಲಾರ. ಇನ್ನೊಂದು ಸಂಗತಿ: ಸಬ್ಸಿಡಿ ಹಣ ಬ್ಯಾಂಕಿನಲ್ಲೇ ಕೂತಿರುತ್ತದೆ; ಮೂರು ವರ್ಷ ಘಟಕ ನಡೆದು, ಕಂತು ಬಾಕಿ ಇಲ್ಲದಿದ್ದರೆ ಮಾತ್ರ ಸಾಲಕ್ಕೆ ಜಮೆ. ಇದು ಉಳಿದವನಿಗೆ ಬಹುಮಾನ, ಉಳಿಯುವುದಕ್ಕೆ ಆಸರೆಯಲ್ಲ.

ಇದರ ಪಕ್ಕದಲ್ಲಿ ‘ಕಲಬುರಗಿ ರೊಟ್ಟಿ’ಯನ್ನು ಇಟ್ಟು ನೋಡಿ. ಜಿಲ್ಲಾಡಳಿತ ಮಹಿಳಾ ಸ್ವಸಹಾಯ ಸಂಘಗಳನ್ನು ಕೂಡಿಸಿ ಜೋಳದ ರೊಟ್ಟಿಗೆ ಒಂದು ಹೆಸರು ಕಟ್ಟಿತು. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತವೆ, ಬೆಂಗಳೂರಿನಲ್ಲಿ ಕೌಂಟರ್ ಇದೆ ಎಂದು ಪ್ರಧಾನಿ 2025ರ ಜೂನ್‌ನಲ್ಲಿ ‘ಮನದ ಮಾತು’ ಕಾರ್ಯಕ್ರಮದಲ್ಲಿ ಹೊಗಳಿದರು. ನನಗೆ ಹೊಗಳಿಕೆಗಿಂತ ಅದರ ಲೆಕ್ಕಾಚಾರ ಮುಖ್ಯ. ಒಂದು ಚೀಲ ಜೋಳ ಮುಗಿದರೆ ಇನ್ನೊಂದು ಚೀಲ; ಹಾಕಿದ ರೊಕ್ಕ ಬೇಗ ತಿರುಗಿ ಬರುತ್ತದೆ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಬಡಿಯುವುದನ್ನು ಯಾರೂ ಕಲಿಸಬೇಕಿಲ್ಲ. ತರಬೇತಿ ಕೊಡಲು ಬಂದವರಿಗೇ ಇವರು ಕಲಿಸಿಯಾರು. ಇಲ್ಲದ್ದು ದೂರದ ಗಿರಾಕಿ. ಆಡಳಿತ ಹುಡುಕಿಕೊಟ್ಟದ್ದು ಅದನ್ನೇ. ಅಧಿಕಾರಿ ವರ್ಗವಾದ ಮೇಲೂ ಆ ಗಿರಾಕಿ ಉಳಿದರೆ ಗೆದ್ದಂತೆ.

ಮತ್ತೆ ಗಿರಣಿಯ ಉದ್ರಿಗೆ ಬರೋಣ. ಕಿರು ಉದ್ಯಮದ ಬಾಕಿಯನ್ನು 45 ದಿನದೊಳಗೆ ತೀರಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಸರಿ, ಖಜೂರಿಯ ಗಿರಣಿಯವನು ಆಳಂದದ ಅಂಗಡಿಯ ಮೇಲೆ ದೂರು ಕೊಟ್ಟು ಮರುದಿನ ಬೇಳೆಯನ್ನು ಯಾರಿಗೆ ಮಾರಬೇಕು? ಆ ಧೈರ್ಯ ಬರುವುದು ಎರಡನೆಯ ಗಿರಾಕಿ ಇದ್ದಾಗ. ಸರ್ಕಾರವೇ ಆ ಗಿರಾಕಿಯಾಗಬಹುದು. ಆಳಂದ, ಅಫಜಲಪುರ, ಜೇವರ್ಗಿಯ ಸರ್ಕಾರಿ ಹಾಸ್ಟೆಲ್‌ಗಳಿಗೆ ಬೇಳೆ ಹೇಗೂ ಬೇಕು. ಹೊಸ ಗಿರಣಿಗಳಿಂದ ಮೊದಲ ಮೂರು ವರ್ಷ ಅದನ್ನು ಕೊಳ್ಳಲಿ, 45 ದಿನದೊಳಗೆ ಬಿಲ್ ಪಾವತಿಸಲಿ. ಸುಗ್ಗಿಯಲ್ಲಿ ಕಾಳು ಕೊಳ್ಳಲು ಕಡಿಮೆ ಬಡ್ಡಿಯ ಸಾಲಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಒಂದಿಷ್ಟು ಹಣ ತೆಗೆದಿಡಲಿ. ಮುಂದಿನ ರಾಶಿಗೆ ಮೊದಲೇ ಇದಾಗಬೇಕು.