ಹೊಟ್ಟೆಯ ಮಾತು ತಿಳಿಯದ ವೈದ್ಯರು

ನಮ್ಮ ಕಾಸರಗೋಡಿನ ಯಾವ ಔಷಧದಂಗಡಿಯ ಮುಂದೆ ನಿಂತರೂ ಕಿವಿಗೆ ಬೀಳುವುದು ಒಂದೇ ಮಾತು: 'ಗ್ಯಾಸ್ಟ್ರಿಕ್'. ಎದೆಯುರಿಗೆ ಅದೇ ಹೆಸರು, ಹುಳಿತೇಗಿಗೂ ಹೊಟ್ಟೆಯುಬ್ಬರಕ್ಕೂ ಅದೇ. ಕಡೆಗೆ ಹೃದಯಾಘಾತದ ನೋವಿಗೂ ಅದೇ ಹೆಸರಿಟ್ಟು ಮನೆಯಲ್ಲೇ ಕುಳಿತು ಪ್ರಾಣ ಕಳೆದುಕೊಂಡವರುಂಟು. ರೋಗಿ ಹೀಗೆನ್ನುವುದು ಕ್ಷಮ್ಯ. ಆದರೆ ಆ ಮಾತನ್ನು ಪರೀಕ್ಷಿಸದೆ ಚೀಟಿಗಿಳಿಸುವ ವೈದ್ಯರನ್ನು ನಾವು ಕ್ಷಮಿಸಲಾರೆವು. ಅವರನ್ನು ಹಾಗೆ ತಯಾರಿಸಿದ ಶಿಕ್ಷಣಕ್ರಮವನ್ನಂತೂ ಸರ್ವಥಾ ಕ್ಷಮಿಸಲಾರೆವು.

ವೈದ್ಯವಿದ್ಯಾರ್ಥಿ ಕಲಿಯುವುದೆಲ್ಲಿ? ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ. ಅಲ್ಲಿ ಅವನು ಕಾಣುವುದು ರಕ್ತ ಕಾರುವವನನ್ನು, ಯಕೃತ್ತು ಕೆಟ್ಟವನನ್ನು. ಮುಂದೆ ಹಳ್ಳಿಯ ಚಿಕಿತ್ಸಾಲಯದಲ್ಲಿ ಅವನ ಮುಂದೆ ಕೂರುವವಳೋ, ಮೂರು ತಿಂಗಳಿಂದ ಅನ್ನ ಸೇರದ ಒಬ್ಬ ಬೀಡಿ ಕಟ್ಟುವ ಹೆಂಗಸು. ಅವಳ ತೂಕ ಇಳಿದಿದೆಯೇ, ನುಂಗುವಾಗ ತಡೆಯುತ್ತದೆಯೇ, ಮಲ ಕಪ್ಪಾಗಿದೆಯೇ, ರಕ್ತ ಕಡಮೆಯಾಗಿದೆಯೇ? ಈ ನಾಲ್ಕು ಪ್ರಶ್ನೆಗಳಿಗೆ ಯಂತ್ರವೇನೂ ಬೇಡ. ಯಾರನ್ನು ಕೂಡಲೇ ದೊಡ್ಡಾಸ್ಪತ್ರೆಗೆ ಕಳುಹಿಸಬೇಕು, ಯಾರಿಗೆ ಧೈರ್ಯ ಹೇಳಿ ಮನೆಗೆ ಕಳುಹಿಸಬಹುದು ಎಂಬ ವಿವೇಕ ಹುಟ್ಟುವುದೇ ಇಲ್ಲಿ.

ಹೊಟ್ಟೆಹುಣ್ಣಿಗೆ ಖಾರವೂ ಚಿಂತೆಯೂ ಕಾರಣವೆಂದು ಬಹುಕಾಲ ನಂಬಿದ್ದೆವು. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಎಂಬಿಬ್ಬರು ಜಠರದೊಳಗಿನ ಒಂದು ಸೂಕ್ಷ್ಮಜೀವಿಯನ್ನು ಬೆಳೆಸಿ ತೋರಿಸಿದರು. ಜಗತ್ತು ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂದಿತು. ಇಂದು ಉಸಿರನ್ನೋ ಮಲವನ್ನೋ ಪರೀಕ್ಷಿಸಿ ಆ ಜೀವಿಯನ್ನು ಪತ್ತೆಹಚ್ಚಬಹುದು. ಎರಡು ವಾರಗಳ ಮದ್ದಿನಿಂದ ಬಹುಮಟ್ಟಿಗೆ ನಿರ್ಮೂಲಗೊಳಿಸಬಹುದು. ಆದರೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲಿನಂತಹ ಗುಳಿಗೆಯನ್ನು ಎರಡು ವಾರ ಮೊದಲೇ ನಿಲ್ಲಿಸದಿದ್ದರೆ, ಜೀವಿ ಇದ್ದರೂ ಪರೀಕ್ಷೆ ಇಲ್ಲವೆನ್ನಬಹುದು. ನಮ್ಮಲ್ಲಿ ನಡೆಯುವುದೋ, ಮೊದಲು ಗುಳಿಗೆ, ಪರೀಕ್ಷೆಯ ಯೋಚನೆ ಆಮೇಲೆ!

ನಮ್ಮೊಬ್ಬ ನಿವೃತ್ತ ಅಧ್ಯಾಪಕರು ಮೊಣಕಾಲು ನೋವಿಗೆ ತಿಂಗಳುಗಟ್ಟಲೆ ನೋವಿನ ಗುಳಿಗೆ ನುಂಗಿದರು. ಅಂತಹ ಗುಳಿಗೆಗಳು ಜಠರದಲ್ಲಿ ಹುಣ್ಣೆಬ್ಬಿಸುತ್ತವೆಂಬುದು ಯಾವ ವೈದ್ಯರಿಗೆ ತಿಳಿಯದು? "ಕಾಡಿಗೆಯ ಹಾಗೆ ಹೋಗುತ್ತದೆ" ಎಂದು ಮೇಷ್ಟ್ರು ಹೇಳಿದರು. ಕುಳಿತಿದ್ದ ವೈದ್ಯರಿಗೆ ಕನ್ನಡ ಬಾರದು. ಬೇರೆ ಯಾವ ಮದ್ದು ತಿನ್ನುತ್ತೀರೆಂದೂ ಕೇಳಲಿಲ್ಲ. ಹದಿನೈದು ದಿನಗಳ ಮೇಲೆ ಮೇಷ್ಟ್ರು ಮಂಗಳೂರಿನಲ್ಲಿ ರಕ್ತ ಹಾಕಿಸಿಕೊಂಡು ಬದುಕಿದರು. 2020ರ ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿದ್ದ ದಿನಗಳಾಗಿದ್ದರೆ ಏನಾಗುತ್ತಿತ್ತೋ ನಾವು ಊಹಿಸಲಾರೆವು.

ತಜ್ಞರು ಹೆಚ್ಚಬೇಕು, ಎಂಡೋಸ್ಕೋಪಿ ಯಂತ್ರ ಬರಬೇಕು, ಎಲ್ಲವೂ ತಾನಾಗಿ ಸರಿಹೋಗುತ್ತದೆ ಎನ್ನುವವರಿದ್ದಾರೆ. ಯಂತ್ರ ಬರಲಿ, ಬೇಡವೆನ್ನುವವರಾರು? ಆದರೆ 1971ರಲ್ಲಿ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದಾಗ, ದಿಲೀಪ್ ಮಹಲನಾಬಿಸರು ಉಪ್ಪು, ಗ್ಲೂಕೋಸು, ಅಡಿಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರ ಹತ್ತಿರವಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಇಷ್ಟಾಗಿಯೂ ಮಗುವಿನ ಭೇದಿಗೆ ಆ ನೀರಿನ ಪೊಟ್ಟಣವನ್ನೂ ಸತುವಿನ ಗುಳಿಗೆಯನ್ನೂ ಕೊಡುವುದನ್ನು ಬಿಟ್ಟು, ಬೇಡದ ಆಂಟಿಬಯಾಟಿಕ್ ಬರೆಯುವ ಕೈಗಳು ಇನ್ನೂ ನಿಂತಿಲ್ಲ.

ಉಕ್ಕಿನಡ್ಕದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಬಿದ್ದಿತು. ಅಲ್ಲಿ ಕಲಿಯುವವರು ಸುತ್ತಣ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಿಂಗಳುಗಟ್ಟಲೆ ಕುಳಿತು, ಸಾಮಾನ್ಯ ಹೊಟ್ಟೆಬೇನೆಯನ್ನು ಅನುಭವಿ ಕುಟುಂಬವೈದ್ಯರ ಪಕ್ಕದಲ್ಲಿ ಕಲಿಯಬೇಕು; ಓಕರಿಕೆಗೂ ವಾಂತಿಗೂ, ಆಮಶಂಕೆಗೂ ಬರಿಯ ಭೇದಿಗೂ ಇರುವ ಭೇದವನ್ನು ರೋಗಿಯ ನುಡಿಯಲ್ಲೇ ತಿಳಿಯಬೇಕು. ಇದು ನಮ್ಮ ಬೇಡಿಕೆ. ಅಧ್ಯಾಪಕ ಬಂಧುಗಳೂ ವಿದ್ಯಾರ್ಥಿಗಳೂ ತಂತಮ್ಮ ಮನೆಗಳಲ್ಲಿ ಹೊಟ್ಟೆಯ ತೊಂದರೆಗಳಿಗೆ ಆಡುವ ಕನ್ನಡ, ತುಳು ಮಾತುಗಳನ್ನು ಬರೆದು ನಮಗೆ ಕಳುಹಿಸಲಿ. ಪಟ್ಟಿಯನ್ನು ಅಚ್ಚುಮಾಡಿ, ಜಿಲ್ಲೆಯ ಪ್ರತಿಯೊಬ್ಬ ಸರಕಾರಿ ವೈದ್ಯರ ಮೇಜಿಗೂ ನಾವೇ ಮುಟ್ಟಿಸುತ್ತೇವೆ.